ದೇಹದ ಸಂದೇಶವೇ ಔಷಧವಾದಾಗ

ಕಲಬುರಗಿ ನಗರದಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿರುವುದರಿಂದ ಸುತ್ತಮುತ್ತಲಿನ ಅನೇಕ ರೋಗಿಗಳಿಗೆ ಬೆಂಗಳೂರಿನವರೆಗೆ ಹೋಗುವ ಕಷ್ಟ ತಪ್ಪಿದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಇಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ ಮೂವತ್ತೈದು-ನಲವತ್ತು ಕಿ.ಮೀ. ದೂರದಲ್ಲಿದೆ. ನಗರದಲ್ಲಿ ಕಿಮೋಥೆರಪಿ ಪಡೆದವರು ಇಂತಹ ಊರುಗಳಿಗೆ ಹಿಂದಿರುಗುವಾಗ ಕೆಲವರ ಚೀಟಿಯಲ್ಲಿ 'ಫಿಲ್‌ಗ್ರಾಸ್ಟಿಮ್' ಎಂಬ ಚುಚ್ಚುಮದ್ದಿನ ಹೆಸರಿರುತ್ತದೆ. ಮನೆಯವರು ಇದನ್ನು 'ಶಕ್ತಿಯ ಇಂಜೆಕ್ಷನ್' ಎಂದು ತಿಳಿಯುವುದುಂಟು. ಆದರೆ ಇದು ಟಾನಿಕ್ ಅಲ್ಲ. ನಮ್ಮ ದೇಹವೇ ತಯಾರಿಸುವ ಒಂದು ಸಂದೇಶದ ಪ್ರತಿರೂಪ. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯದಲ್ಲಿ ಸೇವೆ ಸಲ್ಲಿಸುತ್ತಿರುವ ಗುರುಗಳು, ಧರ್ಮಭಗಿನಿಯರು ಹಾಗೂ ಕಾರ್ಯಕರ್ತರು ಮಾತ್ರವಲ್ಲ, ರೋಗಿಗಳ ಮನೆಗೆ ಭೇಟಿ ಕೊಡುವ ನಾವೆಲ್ಲರೂ ಇದನ್ನು ತಿಳಿದಿರುವುದು ಒಳ್ಳೆಯದು.

ಸೈಟೊಕೈನ್ ಎಂದರೇನು?

ರೋಗಾಣು ಒಳನುಗ್ಗಿದಾಗ ಅದನ್ನು ಮೊದಲು ಕಂಡ ಜೀವಕೋಶ ಸುಮ್ಮನಿರುವುದಿಲ್ಲ. ಪುಟ್ಟ ಪ್ರೋಟೀನುಗಳನ್ನು ಬಿಡುಗಡೆ ಮಾಡಿ ಬೇರೆ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಈ ಪ್ರೋಟೀನುಗಳಿಗೆ ಸೈಟೊಕೈನ್ ಎಂದು ಹೆಸರು. 'ಹೆಚ್ಚು ಬಿಳಿ ರಕ್ತಕಣ ತಯಾರಿಸು', 'ಜ್ವರ ಬರಿಸು', 'ಇನ್ನು ಸಾಕು, ನಿಲ್ಲಿಸು' ಎಂದು ಒಂದೊಂದು ಸೈಟೊಕೈನ್ ಒಂದೊಂದು ಸಂದೇಶ ಒಯ್ಯುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ವೈರಾಣುವಿಗೆ ಅಡ್ಡಿಪಡಿಸುವ ಇಂತಹ ಒಂದು ಪದಾರ್ಥವನ್ನು ಗುರುತಿಸಿ 'ಇಂಟರ್‌ಫೆರಾನ್' ಎಂದು ಕರೆದರು. 1986ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಇಂಟರ್‌ಫೆರಾನ್ ಔಷಧವಾಗಿ ಒಪ್ಪಿಗೆ ಪಡೆಯಿತು. ಹೆಪಟೈಟಿಸ್-ಸಿ ಕಾಯಿಲೆಗೂ ಅದನ್ನು ಬಹುಕಾಲ ಕೊಡಲಾಯಿತು. ಈಗ ಆ ಕಾಯಿಲೆಗೆ ಅದಕ್ಕಿಂತ ಉತ್ತಮವಾದ ಮಾತ್ರೆಗಳು ಬಂದಿವೆ.

ಸಂದೇಶವನ್ನು ಕೊಡುವುದು

ಸೈಟೊಕೈನ್‌ಗಳನ್ನು ಚಿಕಿತ್ಸೆಗೆ ಬಳಸುವ ಮೊದಲ ವಿಧಾನವೆಂದರೆ ಕೊರತೆಯಾದ ಸಂದೇಶವನ್ನು ಹೊರಗಿನಿಂದ ಕೊಡುವುದು. ಕಿಮೋಥೆರಪಿ ಕ್ಯಾನ್ಸರ್ ಕೋಶಗಳ ಜೊತೆಗೆ ಎಲುಬಿನ ಮಜ್ಜೆಯನ್ನೂ ಬಳಲಿಸುತ್ತದೆ. ಸಾಮಾನ್ಯವಾಗಿ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ. ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಕಣಗಳನ್ನು ಬೇಗ ತಯಾರಿಸುವಂತೆ ಮಜ್ಜೆಗೆ ಹೇಳುವ ಸೈಟೊಕೈನ್‌ನ ಪ್ರತಿರೂಪವೇ ಫಿಲ್‌ಗ್ರಾಸ್ಟಿಮ್. ಬ್ಯಾಕ್ಟೀರಿಯಾಗಳಿಗೆ ಮಾನವ ಜೀನ್ ಸೇರಿಸಿ ಇದನ್ನು ತಯಾರಿಸುತ್ತಾರೆ. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧವನ್ನು 2001ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ನಮ್ಮ ದೇಶದಲ್ಲೇ ತಯಾರಿಸಿ ಮಾರುಕಟ್ಟೆಗೆ ತಂದಿತು.

ಇದನ್ನು ಕಿಮೋ ಮುಗಿದು ಕನಿಷ್ಠ 24 ಗಂಟೆ ಕಳೆದ ಮೇಲೆಯೇ ಕೊಡಬೇಕು. ಎಲುಬಿನಲ್ಲಿ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಮಜ್ಜೆ ಕೆಲಸ ಮಾಡುತ್ತಿರುವುದರಿಂದ ಹಾಗಾಗುತ್ತದೆ. ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಕಲಬುರಗಿಯ ಬಿರುಬೇಸಿಗೆಯಲ್ಲಿ ಬಸ್ಸಿನ ಚೀಲದೊಳಗೆ ಹಾಗೆಯೇ ಒಯ್ದರೆ ಕೆಡಬಹುದು. ಫ್ರಿಜ್ಜಿನ ಐಸ್ ಭಾಗದಲ್ಲಿಟ್ಟು ಹೆಪ್ಪುಗಟ್ಟಿಸುವುದೂ ತಪ್ಪು. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಸಂದೇಶವನ್ನು ತಡೆಯುವುದು

ಎರಡನೆಯ ವಿಧಾನ ಇದಕ್ಕೆ ತದ್ವಿರುದ್ಧ. ಕೆಲವೊಮ್ಮೆ ಸಂದೇಶಗಳು ಮಿತಿಮೀರಿ, ಕಾಯಬೇಕಾದ ಪಡೆಯೇ ಮನೆಯನ್ನು ಸುಡುತ್ತದೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ಕಲಬುರಗಿಯಲ್ಲಿ. ಮುಂದಿನ ತಿಂಗಳುಗಳಲ್ಲಿ 'ಸೈಟೊಕೈನ್ ಬಿರುಗಾಳಿ' ಎಂಬ ಮಾತು ಎಲ್ಲೆಡೆ ಕೇಳಿಬಂತು. ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್‌ನ ಸಂದೇಶವನ್ನು ತಡೆಯುವ ಟೊಸಿಲಿಜುಮ್ಯಾಬ್ ಔಷಧವನ್ನು ಬ್ರಿಟನ್ನಿನಲ್ಲಿ 4,116 ರೋಗಿಗಳ ಮೇಲೆ ಪರೀಕ್ಷಿಸಿದರು. ಇವರೆಲ್ಲರೂ ಆಮ್ಲಜನಕ ಕುಸಿದು, ಉರಿಯೂತ ಏರಿ ಆಸ್ಪತ್ರೆ ಸೇರಿದ್ದವರು. 28 ದಿನಗಳೊಳಗಿನ ಸಾವು ನೂರಕ್ಕೆ 35ರಿಂದ 31ಕ್ಕೆ ಇಳಿದದ್ದು ಕಂಡುಬಂತು. ಪ್ರಯೋಜನ ನಿಜ, ಆದರೆ ಪವಾಡವಲ್ಲ. ಸೌಮ್ಯ ಕಾಯಿಲೆಯವರಿಗೆ ಅದು ಬೇಕಾಗಿರಲೂ ಇಲ್ಲ.

ಸಂಧಿವಾತಕ್ಕೆ ಕೊಡುವ 'ಟಿಎನ್‌ಎಫ್ ತಡೆ' ಚುಚ್ಚುಮದ್ದುಗಳೂ ಇದೇ ಗುಂಪಿನವು. ಆದರೆ ದೇಹದಲ್ಲಿ ಅಡಗಿ ಕುಳಿತ ಕ್ಷಯದ ರೋಗಾಣುವನ್ನು ಕಟ್ಟಿಹಾಕಲು ಟಿಎನ್‌ಎಫ್ ಬೇಕೇ ಬೇಕು. ಅದನ್ನು ತಡೆದರೆ ಮಲಗಿದ್ದ ಕ್ಷಯ ಎದ್ದೇಳಬಹುದು. ಆದ್ದರಿಂದ ಈ ಚಿಕಿತ್ಸೆಗೆ ಮುಂಚೆ ಕ್ಷಯ ಪರೀಕ್ಷೆ ಕಡ್ಡಾಯವಾಗಿ ಆಗಬೇಕು. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯ ಇದ್ದರೆ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ನಾವು ಮಾಡಬಹುದಾದದ್ದು

ಕೊಡಬೇಕಾದ ಸಂದೇಶ ಯಾವುದು, ತಡೆಯಬೇಕಾದದ್ದು ಯಾವುದು ಎಂಬುದನ್ನು ಕಾಯಿಲೆ ನೋಡಿ ವೈದ್ಯರೇ ನಿರ್ಧರಿಸಬೇಕು. ಹೀಗಿರುವಾಗ 'ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ' ಎಂದು ಯಾರೋ ಹೇಳಿದ ಇಂಜೆಕ್ಷನ್ ಹಾಕಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ರೋಗಿಗಳ ಭೇಟಿಗೆ ಹೋಗುವವರು ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಕಿಮೋ ಪಡೆದವರ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತುಸ್ಥಿತಿ. ಫಿಲ್‌ಗ್ರಾಸ್ಟಿಮ್ ಹಾಕಿಸಿಕೊಂಡಿದ್ದರೂ ಈ ಮಾತು ಅನ್ವಯಿಸುತ್ತದೆ. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯುವುದು ಅಪಾಯ. ಜ್ವರ ಇಳಿದಂತೆ ಕಂಡರೂ ಸೋಂಕು ಒಳಗೆ ಬೆಳೆಯುತ್ತಿರುತ್ತದೆ. ತಕ್ಷಣ 108ಕ್ಕೆ ಕರೆ ಮಾಡಿ, ಇಲ್ಲವೇ ಊರಿನಲ್ಲಿ ಸಿಗುವ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಕಿಮೋ ನಡೆದ ದಿನಾಂಕವನ್ನು ಅಲ್ಲಿನ ವೈದ್ಯರಿಗೆ ಮೊದಲು ತಿಳಿಸಿ. ಇಂತಹ ರಾತ್ರಿಗಾಗಿ ಪ್ರತಿ ಧರ್ಮಕೇಂದ್ರದಲ್ಲೂ ವಾಹನವಿರುವ ಇಬ್ಬರು ಮೂವರ ದೂರವಾಣಿ ಸಂಖ್ಯೆಗಳನ್ನು ಬರೆದು ರೋಗಿಯ ಮನೆಯವರಿಗೆ ಮೊದಲೇ ಕೊಟ್ಟಿರುವುದು ದೊಡ್ಡ ಉಪಕಾರವಾಗುತ್ತದೆ.