ಹಸಿದ ಬೇರಿನ ಕರೆ, ಕೇಳಿ ಬರುವ ಕಳೆ

ಹೊಲದಲ್ಲಿ ತೇವವಿದ್ದರೂ ಜೋಳ ಬಾಡಿದಂತಾಗಿ, ಬುಡದ ಸುತ್ತ ಸ್ಟ್ರೈಗಾ ಎಂಬ ಸಣ್ಣ ಹೂವಿನ ಕಳೆ ಎದ್ದುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಈ ಕಳೆಯನ್ನು ಎಬ್ಬಿಸುವುದು ನಿಮ್ಮ ಬೆಳೆಯೇ ಎಂದರೆ ಆಶ್ಚರ್ಯವಾದೀತು.

ಮಣ್ಣಿನಲ್ಲಿ ರಂಜಕ ಅಥವಾ ಸಾರಜನಕದ ಕೊರತೆಯಾದಾಗ ಜೋಳದ ಬೇರಿನ ಜೀವಕೋಶಗಳು ಅದನ್ನು ಅರಿತು, ಸ್ಟ್ರೈಗೊಲ್ಯಾಕ್ಟೋನ್ ಎಂಬ ವಸ್ತುವನ್ನು ಹೆಚ್ಚಾಗಿ ತಯಾರಿಸಿ ಹೊರಸೂಸುತ್ತವೆ. ಇದು ಮೈಕೊರೈಜಾ ಶಿಲೀಂಧ್ರಕ್ಕೆ ಕಳುಹಿಸಿದ ಕರೆಯೆಂದು 2005ರಲ್ಲಿ ತಿಳಿದುಬಂತು. ಈ ಶಿಲೀಂಧ್ರವು ಬೇರಿನೊಡನೆ ಬೆಳೆದು ದೂರದ ರಂಜಕವನ್ನು ತಂದುಕೊಡುತ್ತದೆ. ಆದರೆ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದ ಸ್ಟ್ರೈಗಾ ಬೀಜವೂ ಇದೇ ಸಂಕೇತದಿಂದ ಮೊಳೆತು, ಬೇರಿಗೆ ಅಂಟಿಕೊಂಡು ಆಹಾರ ಹೀರುತ್ತದೆ. ಕಳೆ ನೆಲದ ಮೇಲೆ ಕಾಣುವ ಹೊತ್ತಿಗೆ ಬೆಳೆಗೆ ಸಾಕಷ್ಟು ಹಾನಿಯಾಗಿರುತ್ತದೆ.

ಹಾಗಾದರೆ ನೀವು ಏನು ಮಾಡಬೇಕು?

ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನಂತೆ ಕೊಟ್ಟಿಗೆ ಗೊಬ್ಬರವನ್ನೂ ರಸಗೊಬ್ಬರವನ್ನೂ ಸಕಾಲದಲ್ಲಿ ಕೊಡಿರಿ. ಜೋಳದ ಮೇಲೆ ಜೋಳ ಬಿತ್ತದೆ ಹತ್ತಿಯೊಂದಿಗೆ ಬೆಳೆ ಪರಿವರ್ತನೆ ಮಾಡಿರಿ. ಹತ್ತಿಯ ಬೇರೂ ಇಂಥ ಸಂಕೇತ ಸೂಸುತ್ತದೆ. 1966ರಲ್ಲಿ ಈ ಜಾತಿಯ ವಸ್ತು ಮೊದಲು ದೊರೆತದ್ದು ಹತ್ತಿಯ ಬೇರಿನಿಂದಲೇ. ಕಳೆಯ ಬೀಜ ಮೊಳೆಯುತ್ತದೆ, ಆದರೆ ಹತ್ತಿಯ ಮೇಲೆ ಬದುಕಲಾರದೆ ಸಾಯುತ್ತದೆ. ಅಲ್ಲಲ್ಲಿ ಎದ್ದ ಕಳೆಯನ್ನು ಹೂ ಬಿಡುವ ಮೊದಲೇ ಕಿತ್ತುಹಾಕಿರಿ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ.

ಗೊಬ್ಬರವೊಂದರಿಂದಲೇ ಈ ಪೀಡೆ ಪೂರ್ತಿ ಹೋಗದು. ಆದರೂ ಬೆಳೆಯ ಹಸಿವು ನೀಗಿದರೆ ಕರೆಯೂ ಕಡಿಮೆ, ಕಳೆಯೂ ಕಡಿಮೆ.