ಸುಲ್ತಾನರು ಮಲಗಿರುವ ಹಳ್ಳಿ

ಬೀದರ್ ದಾಟಿ ಪೂರ್ವಕ್ಕೆ ಸ್ವಲ್ಪ ಹೋದರೆ ಸಾಕು, ಹೊಲಗಳ ನಡುವೆ ಸಾಲುಸಾಲು ಗುಮ್ಮಟ. ಊರು ಅಷ್ಟೂರು.

2011ರ ಜನಗಣತಿಯಲ್ಲಿ ಭಾಲ್ಕಿ, ಔರಾದ್ ಎಲ್ಲ ಸೇರಿ ಬೀದರ್ ಜಿಲ್ಲೆಯ ಜನಸಂಖ್ಯೆ 17,03,300. ಅದರಲ್ಲಿ ಈ ಹಳ್ಳಿಯ ಪಾಲು ತೀರಾ ಚಿಕ್ಕದು. ಸುಲ್ತಾನರ ಲೆಕ್ಕ ಹಿಡಿದರೆ ಮಾತ್ರ ದೊಡ್ಡ ಊರೇ!

ಕಲಬುರಗಿಯಿಂದ ಬೀದರ್‌ಗೆ ರಾಜಧಾನಿ ತಂದ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ 1436ರಲ್ಲಿ ತೀರಿಕೊಂಡ. ಅವನ ಗೋರಿಯೊಳಗೆ ನಿಂತು ತಲೆ ಎತ್ತಿ ನೋಡಿ: ಗುಮ್ಮಟದ ತುಂಬ ಬಣ್ಣದ ಚಿತ್ತಾರ, ಚಿನ್ನದ ಅಕ್ಷರ. ಹತ್ತಿರದಲ್ಲೇ ಅದೇ ವಂಶದ ಸುಲ್ತಾನ ಹುಮಾಯೂನನ ಗೋರಿ, ಸಿಡಿಲು ಬಡಿದು ಸೀಳಿ ನಿಂತಿದೆ. ಆಳಿದ್ದು 1458ರಿಂದ 1461, ಗಳಿಸಿದ ಹೆಸರು 'ಜಾಲಿಂ', ಅಂದರೆ ಕ್ರೂರಿ. ಸಿಡಿಲಿಗೆ ಜನ ಕಾರಣ ಹುಡುಕದೆ ಬಿಡ್ತಾರಾ?

ನನಗೆ ಗುಮ್ಮಟಕ್ಕಿಂತ ಬೆರಗು ಅನಿಸೋದು ಇಲ್ಲಿನ ಉರುಸು. ಅದು ನಡೆಯೋದು ಹಿಜರಿ ತಾರೀಖಿಗಲ್ಲ. ಹೋಳಿ ಹುಣ್ಣಿಮೆ ಕಳೆದ ಮೇಲೆ, ಪಂಚಾಂಗದ ಲೆಕ್ಕಕ್ಕೆ. ಅಹ್ಮದ್ ಶಾ ಮುಸ್ಲಿಮರಿಗೆ ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಪರಿವಾರದೊಂದಿಗೆ ಬಂದು ಶಂಖ ಊದ್ತಾರೆ, ಕಾಯಿ ಒಡೀತಾರೆ, ಗೋರಿಗೆ ಹೂ ಏರಿಸ್ತಾರೆ. ಅದೇ ಗುಮ್ಮಟದ ಕೆಳಗೆ ಫಾತೆಹಾನೂ ನಡೆಯುತ್ತೆ.

ಬೀದರ್‌ಗೆ ಬಂದವರು ಕೋಟೆ ನೋಡಿಯೇ ವಾಪಸ್ ಬಸ್ ಹತ್ತಬೇಡಿ.