ಸೊಂಟನೋವಿದ್ದಾಗ ವ್ಯಾಯಾಮ ಹೇಗೆ?

ತುಂಬಿದ ಕೊಡ ಎತ್ತುವಾಗಲೋ, ಬಗ್ಗಿ ಕಸ ಗುಡಿಸುವಾಗಲೋ ಸೊಂಟ ಹಿಡಿದುಕೊಂಡರೆ ಹಾಸಿಗೆಯೇ ಮದ್ದು ಎಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ದಿನಗಟ್ಟಲೆ ಮಲಗಿದರೆ ಬೆನ್ನಿಗೆ ಆಧಾರವಾದ ಸ್ನಾಯುಗಳು ಬಲಗುಂದುತ್ತವೆ, ಚೇತರಿಕೆ ತಡವಾಗುತ್ತದೆ. ನೋವು ತೀವ್ರವಾಗಿದ್ದರೆ ಒಂದೆರಡು ದಿನಗಳ ವಿಶ್ರಾಂತಿ ಸಾಕು. ಸಾಮಾನ್ಯ ಸೊಂಟನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತದೆ.

ಆರಂಭಕ್ಕೆ ನಡಿಗೆಯೇ ಉತ್ತಮ. ಸಮತಟ್ಟಾದ ಜಾಗದಲ್ಲಿ 5ರಿಂದ 10 ನಿಮಿಷ, ದಿನಕ್ಕೆ ಎರಡು ಮೂರು ಬಾರಿ ನಡೆಯಿರಿ. ನೋವು ಕಡಿಮೆಯಾದಂತೆ ಸಮಯ ಹೆಚ್ಚಿಸಿ.

ನಂತರ ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಪಾದಗಳನ್ನು ನೆಲಕ್ಕೆ ಊರಿ. ಹೊಟ್ಟೆಯನ್ನು ಮೆಲ್ಲನೆ ಬಿಗಿಹಿಡಿದು ಸೊಂಟವನ್ನು ನೆಲಕ್ಕೆ ಒತ್ತಿ. 5 ಎಣಿಸಿ ಸಡಿಲಿಸಿ. ಉಸಿರು ಕಟ್ಟಬೇಡಿ. ಹೀಗೆ 5ರಿಂದ 10 ಬಾರಿ ಮಾಡಿ. ಇದು ಸಲೀಸಾದ ಮೇಲೆ ಅದೇ ಭಂಗಿಯಲ್ಲಿ ಪೃಷ್ಠವನ್ನು ನಿಧಾನವಾಗಿ ಮೇಲೆತ್ತಿ ಇಳಿಸಬಹುದು.

ನೋವಿರುವಾಗ ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಮಲಗಿ ಎರಡೂ ಕಾಲುಗಳನ್ನು ನೀಳವಾಗಿ ಒಟ್ಟಿಗೆ ಎತ್ತುವುದು, ಹಲಾಸನ ಇವು ಬೇಡ. ಸ್ವಲ್ಪ ಬಿಗಿತ ಸಹಜ. ಆದರೆ ನೋವು ಕಾಲಿಗೆ ಇಳಿದರೆ ಅಥವಾ ಮಾರನೆಯ ದಿನವೂ ಹೆಚ್ಚಾಗಿಯೇ ಉಳಿದರೆ ಆ ವ್ಯಾಯಾಮವನ್ನು ನಿಲ್ಲಿಸಿ.

ಕಾಲು ಬಲಹೀನವಾದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಅಂದೇ ಆಸ್ಪತ್ರೆಗೆ ಹೋಗಿ. ಬಿದ್ದು ಪೆಟ್ಟಾದವರು, ನೋವಿನ ಜೊತೆ ಜ್ವರ ಇರುವವರು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು, ಹಿಂದೆ ಕ್ಯಾನ್ಸರ್ ಬಂದಿದ್ದವರು ಮೊದಲು ವೈದ್ಯರನ್ನು ಕಾಣಬೇಕು, ವ್ಯಾಯಾಮ ಆಮೇಲೆ.